ಮನೆಗೇ ಹೋಗದ ಮಗುವಿನ ಮನೆಮದ್ದು

ಬೆಳಗಿನ ನಮಾಜು ಮುಗಿದಿದೆ, ಬೀದಿ ದೀಪಗಳು ಇನ್ನೂ ಆರಿಲ್ಲ. ನಮ್ಮ ಹುಫೂಫ್ ಪಟ್ಟಣದ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯ ಬೀಗ ತೆಗೆಯುತ್ತಿದ್ದಾರೆ ಮಾಸೂಮಾ ಅಲ್-ಹದ್ದಾದ್. ಒಂದು ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಖರ್ಜೂರದ ಕೆಂಪು ರೊಟ್ಟಿ, ಇನ್ನೊಂದರಲ್ಲಿ ಶುಂಠಿ ಚಹಾದ ಫ್ಲಾಸ್ಕು. ಅಬಾಯದ ತೋಳು ಮೇಲಕ್ಕೆ ಸರಿಸಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಾರೆ.

“ಎಂಟರ ಮೇಲೆ ಇಡೀ ಆಸ್ಪತ್ರೆ ಇದರ ಬೆನ್ನೇರತ್ತೆ. ಆಮೇಲೆ ನಮ್ಮೂರ ಬಿಳಿ ಕತ್ತೆ ಥರ ನಿಂತಲ್ಲೇ ನಿಂತ್ಬಿಡತ್ತೆ, ಜಪ್ಪಯ್ಯ ಅಂದ್ರೂ ಕದಲಲ್ಲ. ಅದಕ್ಕೇ ಈ ಹೊತ್ತಿಗೇ ಬರೋದು,” ಎನ್ನುತ್ತಾರೆ.

ಪರದೆಯ ಮೇಲೆ ಮೊದಲ ಕಡತ ತೆರೆದುಕೊಳ್ಳುತ್ತದೆ. ದವಡೆ ಹಲ್ಲು ಕಿತ್ತದ್ದು. ಎರಡನೆಯದು, ಹಲ್ಲಿನ ಹುಳುಕು ತುಂಬಿದ್ದು. ಮೂರನೆಯದು ಮತ್ತೆ ದವಡೆ ಹಲ್ಲು. ಪಕ್ಕದ ಮೇಜಿನಲ್ಲಿ ಈಗಷ್ಟೇ ಬಂದು ಕುಳಿತ ಸೂಡಾನಿನ ಇಖ್ಲಾಸ್, ಇವರ ಹಳೆಯ ಜೊತೆಗಾತಿ, ಕತ್ತು ಚಾಚಿ ನೋಡಿ ನಗುತ್ತಾರೆ. “ನೀನು ದೊಡ್ಡೋರಿಗೆ ಹಲ್ಲು ಕಡಿದು ತೋರಿಸ್ದೆ ಉಮ್ಮ್ ರಿದಾ. ಅವರು ನಿಂಗೆ ಊರೋರ ಹಲ್ಲನ್ನೆಲ್ಲಾ ತೋರಿಸ್ತಿದಾರೆ. ನೋಡು ಚೆನ್ನಾಗಿ.”

ಉಮ್ಮ್ ರಿದಾ, ಅಂದರೆ ರಿದಾನ ಅಮ್ಮ, ಎನಿಸಿಕೊಂಡ ಮಾಸೂಮಾ ನಗುವುದಿಲ್ಲ. ಹನ್ನೊಂದು ವರ್ಷ ಮೆದುಳಿನ ಶಸ್ತ್ರಚಿಕಿತ್ಸಾ ವಿಭಾಗದ ಕಡತಗಳನ್ನು ಓದಿದ ಕಣ್ಣು ಅವರದ್ದು. ಕಳೆದ ಚಳಿಗಾಲದಿಂದ ಅವರಿಗೆ ಹಲ್ಲಿನ ಕಡತ ಬಿಟ್ಟು ಬೇರೇನೂ ಕೊಡುವುದಿಲ್ಲ. ಕೆಲಸ ತಪ್ಪಾಯಿತೆಂದು ಕೊಟ್ಟ ಶಿಕ್ಷೆ ಇದಲ್ಲ. ಕೆಲಸವನ್ನು ಸರಿಯಾಗಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ. ಅದು ಹೇಗೆಂದು ಹೇಳದಿದ್ದರೆ ಈ ಬರಹಕ್ಕೆ ಅರ್ಥವೇ ಇಲ್ಲ.

ಇವರು ಮಾಡುವ ಕೆಲಸದ ಹೆಸರು ಮೆಡಿಕಲ್ ಕೋಡಿಂಗ್. ಹೀಗೊಂದು ಕೆಲಸ ಇದೆಯೆಂದು ಆಸ್ಪತ್ರೆಯ ಮೇಲಿನ ಮಹಡಿಗಳಲ್ಲಿ ಓಡಾಡುವ ಅರ್ಧ ಜನಕ್ಕೇ ಗೊತ್ತಿಲ್ಲ. ಬಿಡುಗಡೆಯಾಗಿ ಹೋದ ಪ್ರತಿ ರೋಗಿಯ ಹಿಂದೆ ಒಂದು ಕಡತ ಉಳಿಯುತ್ತದೆ. ವೈದ್ಯರು ಬರೆದದ್ದು, ದಾದಿಯರು ಬರೆದದ್ದು, ಪ್ರಯೋಗಾಲಯದಿಂದ ಬಂದದ್ದು, ಎಲ್ಲವನ್ನೂ ಓದಿ, ಏನು ಕಾಯಿಲೆ, ಏನು ಚಿಕಿತ್ಸೆ, ಚಿಕಿತ್ಸೆಯಿಂದಲೇ ಹುಟ್ಟಿಕೊಂಡ ತೊಂದರೆ ಏನಾದರೂ ಇದೆಯೇ ಎಂದು ನೋಡಿ, ಒಂದೊಂದಕ್ಕೂ ಜಗತ್ತೇ ಒಪ್ಪಿದ ಪಟ್ಟಿಯಿಂದ ಒಂದೊಂದು ಕೋಡ್ ಹಾಕಬೇಕು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಡತ. ಯಾವ ಆಸ್ಪತ್ರೆಯಲ್ಲಿ ಎಷ್ಟು ಜನ ಗುಣವಾದರು, ಎಷ್ಟು ಜನಕ್ಕೆ ಗಾಯ ಕೀವಾಯಿತು ಎಂದು ಮೇಲಿನವರು ಲೆಕ್ಕ ಹೇಳುತ್ತಾರಲ್ಲ, ಆ ಲೆಕ್ಕ ಹುಟ್ಟುವುದು ಈ ನೆಲಮಾಳಿಗೆಯಲ್ಲಿ.

ಮಾಸೂಮಾ ಬೆಳೆದದ್ದು ಹಳೆಯ ಪೇಟೆಯ ಹಿಂಬದಿಯ ಓಣಿಯಲ್ಲಿ. ಅಪ್ಪ ಬಿಶ್ತ್ ಹೊಲಿಯುವವರು, ಮದುವಣಿಗರು ಹೊದೆಯುವ ನಿಲುವಂಗಿಯ ಅಂಚಿಗೆ ಜರಿ ಕೂರಿಸಿ ಕೂರಿಸಿ ಕಣ್ಣು ಕಳೆದುಕೊಂಡವರು. ಮಗಳು ಟೀಚರ್ ಆಗಬೇಕೆಂಬುದು ಅವರ ಆಸೆ. ಹುದ್ದೆ ಸಿಗಲಿಲ್ಲ. ಮನೆಯಲ್ಲಿ ಕೂತು ಸಾಕಾಗಿ ಆರೋಗ್ಯ ದಾಖಲೆಗಳ ಡಿಪ್ಲೊಮಾಕ್ಕೆ ಸೇರಿದಾಗ ಮಗ ರಿದಾ ಇನ್ನೂ ಮಡಿಲಲ್ಲಿದ್ದ. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಬಂದು ಮಗುವನ್ನು ನೋಡಿಕೊಳ್ಳುತ್ತಿದ್ದರು. “ಅವರಿಗೆ ನಿದ್ದೆ, ಮಗುಗೆ ಎಚ್ಚರ. ಒಂದಿನ ಬಂದು ನೋಡ್ತೀನಿ, ಅಪ್ಪ ಗೊರಕೆ ಹೊಡೀತಿದಾರೆ, ಮಗ ಅವರ ಗಡ್ಡಕ್ಕೆ ಮೊಸರು ಬಳೀತಿದಾನೆ,” ಎಂದು ನೆನೆಸಿಕೊಳ್ಳುತ್ತಾರೆ. ಡಿಪ್ಲೊಮಾ ಮುಗಿದ ಮೇಲೆ ಸಿಕ್ಕಿದ್ದು ಈ ಕೋಣೆ. ಕಿಟಕಿ ಇಲ್ಲ, ಒಗೆಯುವ ಯಂತ್ರಗಳ ಗುಡುಗುಡು ದಿನವಿಡೀ ಇರುತ್ತದೆ.

ಮೆದುಳಿನ ವಿಭಾಗದಲ್ಲಿ ಅತಿ ಕಷ್ಟದ ಕಡತ ಯಾವುದು ಎಂದು ಕೇಳಿದರೆ ಅವರು ತಡವರಿಸದೆ ಹೇಳುತ್ತಾರೆ: ಶಂಟ್. ಕೆಲವು ಮಕ್ಕಳಿಗೆ ಮೆದುಳಿನೊಳಗಿನ ನೀರು ಇಳಿದುಹೋಗದೆ ಅಲ್ಲೇ ತುಂಬಿಕೊಳ್ಳುತ್ತದೆ, ತಲೆ ಊದುತ್ತದೆ. ಆಗ ಚರ್ಮದ ಕೆಳಗೆ ತೆಳ್ಳನೆಯ ಕೊಳವೆಯೊಂದನ್ನು ತಲೆಯಿಂದ ಹೊಟ್ಟೆಯವರೆಗೆ ಇಳಿಸಿ ಆ ನೀರಿಗೆ ದಾರಿ ಮಾಡುತ್ತಾರೆ. ಮಗು ಬದುಕುತ್ತದೆ, ಆದರೆ ಆ ಕೊಳವೆಯ ಜೊತೆಗೇ ಬದುಕಬೇಕು. ಕೊಳವೆ ಯಾವತ್ತು ಬೇಕಾದರೂ ಕೈಕೊಡಬಹುದು.

“ಡಾಕ್ಟರು ‘ಶಂಟ್ ತೊಂದರೆ, ಬದಲಿಸಲಾಗಿದೆ’ ಅಂತ ಬರೆದು ಹೋಗ್ಬಿಡ್ತಾರೆ. ತೊಂದರೆ ಅಂದ್ರೆ ಏನು ತೊಂದರೆ? ಕಟ್ಕೊಂಡಿತ್ತಾ, ತುಂಡಾಗಿತ್ತಾ, ಜರುಗಿತ್ತಾ, ಕೀವಾಗಿತ್ತಾ? ಒಂದೊಂದಕ್ಕೂ ಬೇರೆ ಕೋಡ್. ಕಟ್ಕೊಂಡ್ರೆ ಅದು ಕೊಳವೆಯ ಹಣೆಬರಹ. ಕೀವಾದ್ರೆ, ಯಾಕಾಯ್ತು, ಎಲ್ಲಾಯ್ತು ಅಂತ ಯಾರಾದ್ರೂ ಉತ್ತರ ಕೊಡಬೇಕಾಗತ್ತೆ. ಅಲ್ಲೇ ಎಲ್ಲರ ಪೆನ್ನಿನ ಶಾಯಿ ಒಣಗೋದು.”

ಈ ಕೆಲಸಕ್ಕೆ ಒಂದು ವಿಚಿತ್ರ ಕಟ್ಟಳೆ ಇದೆ. ವೈದ್ಯರು ಬರೆಯದೆ ಇದ್ದದ್ದನ್ನು ಕೋಡ್ ಮಾಡುವವರು ತಾವಾಗಿ ಸೇರಿಸುವಂತಿಲ್ಲ. ಪ್ರಯೋಗಾಲಯದ ವರದಿಯಲ್ಲಿ ರೋಗಾಣುವಿನ ಹೆಸರೇ ಇದ್ದರೂ, ವೈದ್ಯರು ‘ಇದು ಶಂಟ್‌ನ ಸೋಂಕು’ ಎಂದು ಬರೆಯುವ ತನಕ ಅದು ಶಂಟ್‌ನ ಸೋಂಕಲ್ಲ. ಅನುಮಾನ ಬಂದರೆ ವೈದ್ಯರಿಗೆ ಲಿಖಿತ ಪ್ರಶ್ನೆ ಕಳಿಸಬಹುದು. ಆ ಪ್ರಶ್ನೆಯೊಳಗೂ ಉತ್ತರವನ್ನು ತುರುಕುವಂತಿಲ್ಲ. ‘ಇದು ಸೋಂಕಲ್ಲವೇ?’ ಎಂದು ಕೇಳಿದರೆ ತಪ್ಪು. ಕಡತದಲ್ಲಿ ಏನಿದೆಯೋ ಅದನ್ನು ಮುಂದಿಟ್ಟು, ದಯವಿಟ್ಟು ವಿವರಿಸಿ ಎನ್ನಬೇಕು, ಅಷ್ಟೇ.

ಹೋದ ವರ್ಷ, ಖಲಾಸ್ ತಳಿಯ ಖರ್ಜೂರ ಕೊಯ್ಯುವ ಕಾಲದಲ್ಲಿ, ಅಫ್ರಾಹ್ ಎಂಬ ಹೆಣ್ಣುಮಗಳೊಬ್ಬಳು ಈ ನೆಲಮಾಳಿಗೆಗೆ ಇಳಿದು ಬಂದಳು. ಕೋಡಿಂಗ್ ಕೋಣೆಯ ಎದುರಿಗೇ ದಾಖಲೆಗಳ ನಕಲು ಕೊಡುವ ಕಿಟಕಿ ಇದೆ. ಅವಳ ಕೈಯಲ್ಲಿ ಮಗಳು ಮಲಕ್‌ಳ ಬಿಡುಗಡೆ ಪತ್ರ. ಅದರಲ್ಲಿ ಒಂದು ಸಾಲನ್ನು ಬೆರಳಿಟ್ಟು ತೋರಿಸಿ, “ಇದನ್ನ ಅಳಿಸಿಕೊಡಿ,” ಎಂದಳು. ಕಿಟಕಿಯ ಹಿಂದಿದ್ದವನು ಓದಿಯೂ ನೋಡಲಿಲ್ಲ. “ಡಾಕ್ಟರ್ ಬರೆದಿದ್ದು ಬರೆದಿದ್ದೇ ತಾಯಿ. ಮುಂದೆ ಯಾರಿದೀರಿ?” ಅಫ್ರಾಹ್ ಅಲ್ಲೇ ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟಳು. ಬಿಸಿನೀರಿಗೆಂದು ಹೊರಬಂದ ಮಾಸೂಮಾ ಅವಳನ್ನು ಎಬ್ಬಿಸಿ ಕುರ್ಚಿ ಕೊಟ್ಟರು, ರೊಟ್ಟಿ ಮುರಿದು ಕೈಗಿಟ್ಟರು.

ಆ ಸಾಲು ಇದು: ‘ಮನೆಯಲ್ಲಿ ತಾಯಿಯು ಮಗುವಿನ ತಲೆಯ ಗಾಯಕ್ಕೆ ನಾಟಿ ಲೇಪ ಹಚ್ಚಿದ ಹಿನ್ನೆಲೆ ಇದೆ.’

ಮಲಕ್‌ಳಿಗೆ ಶಂಟ್ ಹಾಕಿ ಮನೆಗೆ ಕಳಿಸಿದ ಕೆಲವು ವಾರಗಳಲ್ಲಿ ಜ್ವರ ಬಂತು. ಕಿವಿಯ ಹಿಂದೆ, ಕೊಳವೆಯ ಗುಂಟ ಚರ್ಮ ಕೆಂಪಾಯಿತು. ಮತ್ತೆ ಆಸ್ಪತ್ರೆ, ಕೊಳವೆ ತೆಗೆದದ್ದು, ತಿಂಗಳುಗಟ್ಟಲೆ ಔಷಧ, ಮತ್ತೊಂದು ಕೊಳವೆ. ಮಗು ಉಳಿಯಿತು. ಬಿಡುಗಡೆ ಪತ್ರವನ್ನು ಗಂಡ ನಜೀಬ್ ಮನೆಯಲ್ಲಿ ಜೋರಾಗಿ ಓದಿದ. ಆ ಸಾಲಿಗೆ ಬಂದಾಗ ಅತ್ತೆ, ಉಮ್ಮ್ ನಜೀಬ್, ಕೈಯಲ್ಲಿದ್ದ ಕಾಫಿ ಬಟ್ಟಲನ್ನು ಕೆಳಗಿಟ್ಟರಂತೆ.

ನಮ್ಮ ಕಡೆ ಮಗುವಿಗೆ ನಲವತ್ತು ದಿನ ತುಂಬಿದಾಗ ಅಜ್ಜಿ ನೆತ್ತಿಗೆ ಲೇಪ ಹಚ್ಚುವುದುಂಟು, ಗಂಧರಸ ತೇಯ್ದು, ಗುಲಾಬಿ ನೀರು ಬೆರೆಸಿ. ಉಮ್ಮ್ ನಜೀಬ್ ತನ್ನ ಏಳು ಮಕ್ಕಳಿಗೂ ಹಚ್ಚಿದವರು. ಮಲಕ್‌ಳಿಗೆ ಹಚ್ಚಲು ಬಟ್ಟಲು ಹಿಡಿದು ಬಂದಾಗ ಅಫ್ರಾಹ್ ತಡೆದಿದ್ದಳು. ಗಾಯ ಇದೆ, ಡಾಕ್ಟರು ಏನೂ ಹಚ್ಚಬೇಡಿ ಅಂದಿದ್ದಾರೆ ಅಂದಿದ್ದಳು. ಅತ್ತೆ ಮುಖ ಊದಿಸಿಕೊಂಡೇ ಬಟ್ಟಲು ವಾಪಸು ಒಯ್ದಿದ್ದರು. ಈಗ ಆಸ್ಪತ್ರೆಯ ಮುದ್ರೆ ಇರುವ ಕಾಗದವೇ ಹೇಳುತ್ತಿದೆ, ತಾಯಿ ಹಚ್ಚಿದ್ದಾಳೆ ಅಂತ.

“ಅತ್ತೆ, ‘ನಾನ್ ಹಚ್ಚೋಕೆ ಬಂದ್ರೆ ಬೇಡ ಅಂದೆ. ನಿಮ್ಮಮ್ಮನ ಮನೆ ಮದ್ದನ್ನ ಕದ್ದು ಹಚ್ಚಿದೆಯಲ್ಲೇ’ ಅಂದ್ರು,” ಅಫ್ರಾಹ್ ನಮ್ಮೆದುರು ಕೂತು ಹೇಳುತ್ತಾಳೆ. ತನ್ನ ಹೆಸರನ್ನು ಹಾಕಿಯೇ ಬರೆಯಿರಿ ಎಂದವಳು ಅವಳೇ. “ನಾನು ಆಣೆ ಮಾಡ್ದೆ. ಅತ್ತೆ, ನಾನು ನೀರು ಸಮೇತ ಸೋಕಿಸಿಲ್ಲ ಅಂದೆ. ಅವರು, ಡಾಕ್ಟರಿಗೆ ನಿನ್ ಮೇಲೆ ಹಗೆಯಾ, ಸುಮ್ನೆ ಬರೀತಾರಾ ಅಂದ್ರು. ನಜೀಬ್ ತಲೆ ಎತ್ಲಿಲ್ಲ. ನಿಜ ಹೇಳ್ಲಾ ಅಕ್ಕಾ, ಒಂದೊಂದ್ಸಲ ನಂಗೇ ಅನುಮಾನ ಬರೋದು. ನಿದ್ದೆಗಣ್ಣಲ್ಲಿ ಏನಾದ್ರೂ ಹಚ್ಚಿದ್ನಾ ಅಂತ.”

ಮಗು ಅತ್ತೆಯ ಮನೆಯಲ್ಲಿ ಉಳಿಯಿತು. ಅಫ್ರಾಹ್‌ಳನ್ನು ಪಕ್ಕದ ಮುಬರ್ರಝ್ ಊರಿನ ತವರಿಗೆ ಕಳಿಸಿದರು. ಶುಕ್ರವಾರ ಮಧ್ಯಾಹ್ನ ಬಂದು ಮಗಳನ್ನು ನೋಡಬಹುದು. ಎತ್ತಿಕೊಳ್ಳಬಹುದು, ಆದರೆ ಸ್ನಾನ ಮಾಡಿಸುವಂತಿಲ್ಲ, ತಲೆ ಮುಟ್ಟುವಂತಿಲ್ಲ. ನಾದಿನಿಯೊಬ್ಬಳು ಎದುರಿಗೆ ಕಾವಲು ಕೂರುತ್ತಿದ್ದಳು. ಹೆತ್ತ ತಾಯಿಗೆ ಸ್ವಂತ ಮಗಳ ತಲೆ ನೇವರಿಸಲು ಅಪ್ಪಣೆ ಇಲ್ಲ. ಇದನ್ನೆಲ್ಲ ಮಾಡಿದ್ದು ಯಾರೋ ಕಂಪ್ಯೂಟರಿನಲ್ಲಿ ಕಣ್ಣುಮುಚ್ಚಿ ಒತ್ತಿದ ಒಂದು ಗುಂಡಿ ಎಂದು ಈಗ ತಿಳಿದಾಗ ಮೈ ಉರಿಯದವರು ಯಾರು?

ಅವತ್ತು ಮಾಸೂಮಾ ಅವಳಿಗೆ ಹೇಳಿದ್ದು ಸ್ವಲ್ಪವೇ. ತಿದ್ದುಪಡಿ ಕೋರಿ ಅರ್ಜಿ ಕೊಡುವ ಹಕ್ಕು ರೋಗಿಯ ಕಡೆಯವರಿಗೆ ಇದೆ, ಅದನ್ನು ಬರೆದು ಕೊಟ್ಟು ಹೋಗು ಎಂದರು, ಅವಳು ಕೊಟ್ಟಳು. ಒಳಗೆ ಬಂದು ಕೂತಾಗ ಮಾತ್ರ ಆ ಸಾಲು ಅವರನ್ನು ಬಿಡಲಿಲ್ಲ. ಎಲ್ಲೋ ಓದಿದ್ದೇನೆ, ಒಂದು ಸಲವಲ್ಲ. ತಾವೇ ಕೋಡ್ ಮಾಡಿದ ಶಂಟ್ ಕಡತಗಳನ್ನು ಮತ್ತೆ ತೆರೆದರು. ಜ್ವರ ಬಂದು ವಾಪಸಾದ ಒಂದು ಮಗು, ಅದೇ ಸಾಲು. ಇನ್ನೊಂದು ಮಗು, ಅದೇ ಸಾಲು. ಹುಫೂಫಿನ ತಾಯಿ, ಹಳ್ಳಿಯ ತಾಯಿ, ಸ್ವತಃ ದಾದಿಯಾಗಿ ದುಡಿಯುವ ತಾಯಿ, ಎಲ್ಲರೂ ಅದೇ ಲೇಪ ಹಚ್ಚಿದ್ದಾರೆ, ಒಂದಕ್ಷರ ಆಚೀಚೆ ಇಲ್ಲ. ಆ ಸಾಲಿನ ದೆಸೆಯಿಂದ ಒಂದೊಂದು ಸೋಂಕೂ ಆಸ್ಪತ್ರೆಯ ಲೆಕ್ಕದಿಂದ ಜಾರಿ ಮನೆಯ ಲೆಕ್ಕಕ್ಕೆ ಬಿದ್ದಿತ್ತು.

“ಇಖ್ಲಾಸ್‌ನ ಕರೆದು ತೋರಿಸ್ದೆ. ಅವಳು, ‘ಅಲ್ಲ ಕಣೇ, ನಿಮ್ಮೂರಲ್ಲಿ ಲೇಪ ಹಚ್ಚೋದನ್ನ ಕಾಲೇಜಲ್ಲಿ ಕಲಿಸ್ತಾರಾ, ಎಲ್ಲರೂ ಒಂದೇ ಥರ ಹಚ್ಚಿದಾರಲ್ಲ’ ಅಂದ್ಲು. ನಕ್ವಿ. ಆಮೇಲೆ ಆ ಕೊನೇ ಕಡತ ತೆಗೆದ್ವಿ ನೋಡಿ, ನಗು ನಿಂತೋಯ್ತು.”

ಕೊನೆಯದು ತಿಂಗಳು ತುಂಬದೆ ಹುಟ್ಟಿದ ಗಂಡುಮಗುವಿನದು. ಅದರ ಹೆಸರನ್ನು ಮಾಸೂಮಾ ನಮಗೆ ಹೇಳುವುದಿಲ್ಲ, ನಾವು ಕೇಳುವುದೂ ಸರಿಯಲ್ಲ. ಹುಟ್ಟಿದ್ದು ಈ ಆಸ್ಪತ್ರೆಯಲ್ಲೇ, ಇಟ್ಟದ್ದು ಗಾಜಿನ ಪೆಟ್ಟಿಗೆಯಲ್ಲಿ. ಶಂಟ್ ಹಾಕಿದ್ದೂ ಇಲ್ಲೇ, ಜ್ವರ ಬಂದದ್ದೂ ಇಲ್ಲೇ, ಕೊಳವೆ ತೆಗೆದದ್ದೂ ಇಲ್ಲೇ. ಕೊನೆಗೆ ದಮ್ಮಾಮಿನ ದೊಡ್ಡ ಆಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಕಳಿಸಿದರು. ತನ್ನ ಮನೆಯ ಹೊಸ್ತಿಲನ್ನೇ ಆ ಕೂಸು ಕಂಡಿಲ್ಲ. ಅದರ ಕಡತದಲ್ಲೂ ಇದೆ: ‘ಮನೆಯಲ್ಲಿ ತಾಯಿಯು ಮಗುವಿನ ತಲೆಯ ಗಾಯಕ್ಕೆ ನಾಟಿ ಲೇಪ ಹಚ್ಚಿದ ಹಿನ್ನೆಲೆ ಇದೆ.’

ಮಾಸೂಮಾ ಪ್ರಶ್ನೆ ಬರೆದರು. ಕಟ್ಟಳೆ ಮೀರದ, ಉತ್ತರ ತುರುಕದ, ಒಂದೇ ಒಂದು ಪ್ರಶ್ನೆ: ‘ಮನೆಯಲ್ಲಿ ಲೇಪ ಹಚ್ಚಿದ ಹಿನ್ನೆಲೆ ಇದೆ ಎಂದು ದಾಖಲಾಗಿದೆ. ಈ ಶಿಶು ಯಾವ ದಿನ ಮನೆಗೆ ಹೋಗಿತ್ತು, ದಯವಿಟ್ಟು ತಿಳಿಸಿ.’

ವಿಭಾಗದಿಂದ ಮೊದಲು ಬಂದ ಉತ್ತರ, ‘ಗಮನಿಸಲಾಗಿದೆ.’ ಅವರು ಮತ್ತೆ ಕಳಿಸಿದರು. ಎರಡನೆಯ ಉತ್ತರ, ‘ಚಿಕಿತ್ಸೆಗೆ ಸಂಬಂಧಿಸಿಲ್ಲ.’ ಮತ್ತೆ ಕಳಿಸಿದರು. ಮೂರನೆಯ ಸಲ ಉತ್ತರವೇ ಬರಲಿಲ್ಲ, ಗುಣಮಟ್ಟ ವಿಭಾಗದ ಮುಖ್ಯಸ್ಥ ಉಸ್ತಾದ್ ನಾಯಿಫ್ ಅವರಿಂದ ಕರೆ ಬಂತು.

ಅವರ ಕೋಣೆ ಮೇಲೆ, ಸ್ವಾಗತ ಹಜಾರದ ಪಕ್ಕ. ಹಜಾರದಲ್ಲಿ ಆಗ ಒಂದು ದೊಡ್ಡ ಬ್ಯಾನರು ತೂಗುತ್ತಿತ್ತು: ‘ಶಂಟ್ ಶಸ್ತ್ರಚಿಕಿತ್ಸೆಯ ನಂತರ ಸೋಂಕು: ಶೂನ್ಯ.’ ಅದರ ಉದ್ಘಾಟನೆಗೆ ಬಲೂನು ಕಟ್ಟಿ ಕೇಕು ಕತ್ತರಿಸಿದ್ದರು. ಫೋಟೊಗಳಲ್ಲಿ ಎಲ್ಲರ ಬಾಯಿ ತುಂಬ ಕೇಕು. ಕೇಕಿನ ತುಂಡು ನೆಲಮಾಳಿಗೆಗೂ ಬಂದಿತ್ತಂತೆ, ಮಾಸೂಮಾ ತಿಂದಿದ್ದರಂತೆ. “ಚೆನ್ನಾಗೇ ಇತ್ತು,” ಎನ್ನುತ್ತಾರೆ.

ಮಾಸೂಮಾ ಅವರನ್ನು ನಾಯಿಫ್ ಕೂರಿಸಿ ಕಾಫಿ ತರಿಸಿದರು. ಆಮೇಲೆ ನಡೆದ ಮಾತನ್ನು ಮಾಸೂಮಾ ಎರಡೂ ದನಿಗಳಲ್ಲಿ ಹೇಳಿ ತೋರಿಸುತ್ತಾರೆ.

“ಉಮ್ಮ್ ರಿದಾ, ಒಂದು ಸಣ್ಣ ಸಾಲಿಗೆ ಇಷ್ಟು ರಂಪ ಯಾಕೆ? ಮಗು ಬೇರೆ ಆಸ್ಪತ್ರೆಗೆ ಹೋಯ್ತು. ಕಡತ ಮುಚ್ಚಿಬಿಡಿ.”

“ಮುಚ್ತೀನಿ ಉಸ್ತಾದ್. ಮಗು ಯಾವತ್ತು ಮನೆಗೆ ಹೋಗಿತ್ತು ಅಂತ ಬರೆಸಿಕೊಡಿ, ಈ ಕಾಫಿ ಆರೋದ್ರೊಳಗೆ ಮುಚ್ತೀನಿ.”

“ನಮ್ಮ ಹೆಂಗಸರು ಮಕ್ಕಳ ತಲೆಗೆ ಏನೇನೋ ಮೆತ್ತುತಾರೆ. ನಿಮಗೆ ಗೊತ್ತಿಲ್ಲದ್ದಾ? ನಿಮ್ಮಮ್ಮ ನಿಮಗೆ ಹಚ್ಚಿರಲಿಲ್ವಾ?”

“ಹಚ್ಚಿದ್ರು. ನಮ್ಮನೇಲಿ ಹಚ್ಚಿದ್ರು. ಈ ಮಗುಗೆ ಮನೆ ಎಲ್ಲಿತ್ತು ಉಸ್ತಾದ್?”

“ನೀವು ಕೋಡ್ ಹಾಕೋರು. ಡಾಕ್ಟರ ಕೆಲಸದಲ್ಲಿ ಮೂಗು ತೂರಿಸಬಾರದು.”

“ಅವರ ಕೆಲಸ ನಂಗೆ ಬೇಡ. ನನ್ ಕೆಲಸಕ್ಕೆ ಒಂದು ತಾರೀಕು ಬೇಕು.”

ಇದು ಉಡಾಫೆಯ ಮಾತಲ್ಲ. ಪ್ರಶ್ನೆಗೆ ಉತ್ತರ ಬಾರದ ಕಡತವನ್ನು ಮುಚ್ಚುವಂತಿಲ್ಲ, ಅದು ಮುಚ್ಚದಿದ್ದರೆ ವಿಭಾಗದ ತಿಂಗಳ ವರದಿ ಮೇಲಕ್ಕೆ ಹೋಗುವಂತಿಲ್ಲ. ಬೇರೆಯವರಿಂದ ಮುಚ್ಚಿಸಲು ನೋಡಿದರು. ಇಖ್ಲಾಸ್ ಬಳಿ ಬಂದಾಗ ಆಕೆ, “ನಂಗೆ ಕಣ್ಣು ಮಂಜು, ನನ್ ಕೈಲಾಗಲ್ಲ,” ಎಂದು ಕನ್ನಡಕ ತೆಗೆದು ಒರೆಸುತ್ತ ಕೂತರಂತೆ. ಆಕೆಯದು ವರ್ಷವರ್ಷಕ್ಕೆ ನವೀಕರಿಸುವ ಕೆಲಸ. ಆ ಕಣ್ಣು ಮಂಜಿನ ಬೆಲೆ ಏನೆಂದು ಪರದೇಶದಲ್ಲಿ ದುಡಿದವರಿಗೆ ಗೊತ್ತು. ಮಾಸೂಮಾ ಅವರ ವಾರ್ಷಿಕ ವರದಿಯಲ್ಲಿ ಮಾತ್ರ ‘ಸಹಕಾರ ಮನೋಭಾವ ಸಾಲದು’ ಎಂದು ಬಂತು. ಅದನ್ನು ಬರೆಯಲು ಯಾರಿಗೂ ಶಾಯಿ ಒಣಗಲಿಲ್ಲ.

ಕೊನೆಗೆ ಕೆಳಗೆ ಇಳಿದು ಬಂದವರು ಆ ಸಾಲಿನ ಕೆಳಗೆ ಸಹಿ ಇದ್ದ ಡಾಕ್ಟರ್ ಬಸ್ಸಾಮ್. ಸಿರಿಯಾದವರು, ಗುತ್ತಿಗೆಯ ಮೇಲೆ ಬಂದ ಕಿರಿಯ ಶಸ್ತ್ರವೈದ್ಯರು. ಪಾಳಿ ಮುಗಿಸಿ, ಹಸಿರು ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕರೆದರೂ ಸ್ವಲ್ಪ ಹೊತ್ತು ಬರಲಿಲ್ಲ.

“ಆ ಸಾಲು ನಂದಲ್ಲ ಅಕ್ಕಾ,” ಎಂದರು. “ನಾನು ಸೇರಿದಾಗಲೇ ಕಂಪ್ಯೂಟರಿನ ಸಿದ್ಧ ಮಾದರೀಲಿ ಇತ್ತು. ಜ್ವರ ಅಂತ ಒತ್ತಿದ್ರೆ ಅದೂ ಬಂದು ಕೂರತ್ತೆ. ಬೇಡದಿದ್ರೆ ಅಳಿಸ್ಬೇಕು. ಮೊದಲ ವಾರ ಅಳಿಸ್ತಿದ್ದೆ. ಹಿರಿಯರು ಇರಲಿ ಬಿಡು ಅಂದ್ರು. ಆಮೇಲೆ ಕಣ್ಣಿಗೆ ಕಾಣೋದೇ ನಿಂತೋಯ್ತು.”

“ಎಷ್ಟು ತಾಯಂದಿರನ್ನ ಕೇಳಿದೀರಿ ಡಾಕ್ಟರ್, ಹಚ್ಚಿದ್ರಾ ಅಂತ?”

ಅವರು ಒಳಗೆ ಬಂದರು. “ಗುತ್ತಿಗೆ ಈ ತಿಂಗಳು ಮುಗಿಯತ್ತೆ. ಊರಲ್ಲಿ ಮನೆ ಅನ್ನೋದು ಉಳಿದಿಲ್ಲ. ನೀವೇ ಹೇಳಿ, ನಾನೇನು ಬರೀಲಿ?” ಎಂದರು.

“ಅದೊಂದನ್ನ ನಾನು ಹೇಳೋ ಹಾಗಿಲ್ಲ,” ಎಂದರು ಮಾಸೂಮಾ. “ಕುರ್ಚಿ ಇದೆ, ಚಹಾ ಇದೆ. ಕಡತ ತೆಗೆದಿಟ್ಟಿದೀನಿ. ನೀವು ಕಂಡಿದ್ದು ಬರೀರಿ.”

ಬಾಯಿತುದಿಯಲ್ಲಿದ್ದ ಮಾತನ್ನು ನುಂಗಿಕೊಂಡು ಕೂರುವುದು ಹೇಗಿತ್ತು ಎಂದು ಕೇಳಿದೆವು. “ಪ್ರಾಣ ಹೋಯ್ತು,” ಎನ್ನುತ್ತಾರೆ. “ಬೆನ್ನು ತಿರುಗಿಸಿ ಕೂತೆ. ಮುಖ ನೋಡಿದ್ರೆ ಹೇಳ್ಬಿಡ್ತೀನಿ ಅಂತ ಭಯ. ನಾನು ಹೇಳಿ ಅವರು ಬರೆದ್ರೆ ಅದು ನನ್ ಮಾತಾಗತ್ತೆ. ನನ್ ಮಾತನ್ನ ಯಾರು ನಂಬ್ತಾರೆ? ನಾಳೆ ನಾಯಿಫ್ ಅವರೇ, ಕೋಡಿಂಗ್‌ನೋಳು ಬರೆಸಿದ್ಲು ಅಂತ ಹರಿದು ಬಿಸಾಕ್ತಾರೆ. ಅಫ್ರಾಹ್ ಜೀವನ ಇರೋದು ಡಾಕ್ಟರ ಕೈಬರಹದಲ್ಲಿ.”

ಬಸ್ಸಾಮ್ ಕೂತು ಪ್ರಯೋಗಾಲಯದ ವರದಿಗಳನ್ನು ಓದಿದರು. ಗಾಜಿನ ಪೆಟ್ಟಿಗೆಯ ಮಗುವಿನ ಕಡತಕ್ಕೆ ತಿದ್ದುಪಡಿ ಬರೆದರು: ಶಿಶು ಮನೆಗೆ ಹೋಗಿಲ್ಲ, ಲೇಪದ ಉಲ್ಲೇಖ ತಪ್ಪು, ಇದು ಶಂಟ್‌ನ ಸೋಂಕು. ಅಫ್ರಾಹ್ ಕೊಟ್ಟಿದ್ದ ಅರ್ಜಿ ಅಷ್ಟು ದಿನದಿಂದ ಅವರದೇ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದರು. ತಲೆಗೆ ಏನಾದರೂ ಹಚ್ಚಿದ್ದಿರಾ ಎಂದು ಆ ತಾಯಿಯನ್ನು ಆಸ್ಪತ್ರೆಯಿಂದ ಒಬ್ಬರು ಕೇಳಿದ್ದು ಅದೇ ಮೊದಲು. ಅವಳು ಇಲ್ಲ ಎಂದಳು. ಮಲಕ್‌ಳ ಕಡತಕ್ಕೂ ತಿದ್ದುಪಡಿ ಬರೆದು, ಸಹಿ ಹಾಕಿ, ಎದ್ದು ಹೋದರು. ಅವರ ಗುತ್ತಿಗೆ ನವೀಕರಣವಾಯಿತೋ ಇಲ್ಲವೋ ನಮಗೆ ಹೇಳಿದವರಿಲ್ಲ. ಈಗ ಆ ವಿಭಾಗದಲ್ಲಿ ಅವರು ಕಾಣುವುದಿಲ್ಲ.

ಮಾರನೆಯ ಬೆಳಿಗ್ಗೆ ಮಾಸೂಮಾ ಹಳೆಯ ಕೋಡ್ ತೆಗೆದು ಸರಿಯಾದ ಕೋಡ್ ಹಾಕಿದರು. ಶೂನ್ಯ ಶೂನ್ಯವಾಗಿ ಉಳಿಯಲಿಲ್ಲ. ತಿಂಗಳ ವರದಿ ಮೇಲಕ್ಕೆ ಹೋದದ್ದೇ ತಡ, ಸೋಂಕು ತಪಾಸಣೆಯವರು ಬಂದಿಳಿದರು. ಶಸ್ತ್ರಚಿಕಿತ್ಸಾ ಕೋಣೆಗೆ ಬೀಗ ಬಿತ್ತು, ಒಳಗೆ ಏನೇನೋ ಬದಲಾಯಿತು. ಏನು ಬದಲಾಯಿತೆಂದು ಆಸ್ಪತ್ರೆಯವರನ್ನು ಕೇಳಿದರೆ ‘ವಾಡಿಕೆಯ ದುರಸ್ತಿ’ ಎಂಬ ಹಾರಿಕೆಯ ಉತ್ತರ. ಬ್ಯಾನರು ಒಂದು ದಿನ ಇದ್ದಕ್ಕಿದ್ದಂತೆ ಮಾಯ. ಅಷ್ಟು ಎಳೆಯ ಮಕ್ಕಳ ತಲೆ ಎರಡೆರಡು ಸಲ ಕೊಯ್ದದ್ದಕ್ಕೆ, ಅವರ ತಾಯಂದಿರ ತಲೆಯ ಮೇಲೆ ಗೂಬೆ ಕೂರಿಸಿದ್ದಕ್ಕೆ, ಯಾರೂ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಎತ್ತಂಗಡಿ ಆದದ್ದು ಒಬ್ಬರಿಗೆ ಮಾತ್ರ. ಅವರು ಈಗ ನಮ್ಮ ಎದುರು ದವಡೆ ಹಲ್ಲುಗಳನ್ನು ನೋಡುತ್ತ ಕೂತಿದ್ದಾರೆ.

ಹೆಸರು ಹಾಕಿ ಬರೆಯಬಹುದೇ, ತೊಂದರೆ ಆಗುವುದಿಲ್ಲವೇ ಎಂದರೆ ಮಾಸೂಮಾ ಚಹಾ ಬಗ್ಗಿಸುತ್ತ ಹೇಳುತ್ತಾರೆ: “ಹಾಕಿ. ಇದು ನೆಲಮಾಳಿಗೆ, ಇದರ ಕೆಳಗೆ ಇನ್ನೆಲ್ಲಿಗೆ ಕಳಿಸ್ತಾರೆ?”

ಅಫ್ರಾಹ್ ತಿದ್ದಿದ ಪತ್ರವನ್ನು ಹಿಡಿದು ಶುಕ್ರವಾರದ ತನಕ ಕಾಯಲಿಲ್ಲ. ಅವತ್ತೇ ಅತ್ತೆಯ ಮನೆಗೆ ಹೋದಳು. ನಜೀಬ್ ಓದಿದ. ಅತ್ತೆ ಇನ್ನೊಮ್ಮೆ ಓದು ಅಂದರು, ಓದಿದ. “ಅತ್ತೆ ಎದ್ದು ಒಳಗೆ ಹೋದ್ರು,” ಎನ್ನುತ್ತಾಳೆ ಅಫ್ರಾಹ್. “ಬೈತಾರೇನೋ ಅಂತ ನಾನು ಕೂತೇ ಇದ್ದೆ. ನೀರು ಕಾಯಿಸಿ ಬಚ್ಚಲಲ್ಲಿಟ್ಟು ಬಂದು, ಮಗು ಒರೆಸೋ ಟವಲ್ನ ನನ್ ಕೈಗೆ ಕೊಟ್ರು. ತಪ್ಪಾಯ್ತು ಅಂತ ಅನ್ಲಿಲ್ಲ. ನಾನೂ ಕೇಳ್ಲಿಲ್ಲ. ನಾನೇ ಮಲಕ್ ತಲೆಗೆ ನೀರು ಹಾಕ್ದೆ. ಅವಳು ನಗ್ತಿದ್ಲು.”

ಈ ಮಾತನ್ನು ಮಾಸೂಮಾ ಅವರಿಗೆ ತಿಳಿಸಿದಾಗ ಅವರು ಕೆಲಸ ನಿಲ್ಲಿಸಿ ಕೂತರು. ಖುಷಿಯಾಯಿತೇ ಎಂದು ಕೇಳಿದ್ದೇ ತಪ್ಪಾಯಿತು.

“ಖುಷಿ ಅಂತೆ. ಮಿಕ್ಕವರು? ಆ ಸಾಲು ಎಷ್ಟು ಮನೆಗೆ ಹೋಗಿದೆ ಗೊತ್ತಾ? ಅವರಲ್ಲಿ ಅರ್ಜಿ ಕೊಟ್ಟೋಳು ಅಫ್ರಾಹ್ ಒಬ್ಬಳೇ. ಮಿಕ್ಕ ಕಡತಗಳನ್ನ ಯಾರೂ ತಿದ್ದಿಲ್ಲ. ನನ್ ಕೈಗೂ ಈಗ ಅವು ಸಿಗಲ್ಲ, ತೆರೆಯೋ ಹಕ್ಕೇ ಕಿತ್ಕೊಂಡಿದಾರೆ. ಅವರ ಹೆಸರು ನಾನು ಹೇಳೋ ಹಾಗಿಲ್ಲ, ಅವರ ಮನೆ ಬಾಗಿಲು ತಟ್ಟೋ ಹಾಗಿಲ್ಲ. ಎಲ್ಲೋ ಕೂತ್ಕೊಂಡು ನಾನೇ ಹಚ್ಚಿದ್ನೇನೋ ಅಂತ ತಮ್ಮನ್ನೇ ತಾವು ತಿಂತಿರ್ತಾರೆ.”

ನಿಮಗೆ ಏನಾಗಬೇಕು, ಹಳೆಯ ವಿಭಾಗಕ್ಕೆ ವಾಪಸಾಗಬೇಕೇ ಎಂದು ಕೇಳಿದೆವು. ಅವರು ಬೇಡವೆಂದು ತಲೆಯಾಡಿಸಿದರು.

“ನಿಮ್ಮ ಪೇಪರು ಎಲ್ಲಾ ಮನೆಗೂ ಹೋಗತ್ತಲ್ಲ. ನನ್ ಬಗ್ಗೆ ಏನಾದ್ರೂ ಬರ್ಕೊಳ್ಳಿ, ಇದೊಂದನ್ನ ಬಿಡಬೇಡಿ. ಈ ಊರಲ್ಲಿ ಮಗುಗೆ ಶಂಟ್ ಹಾಕಿಸಿ, ಆಮೇಲೆ ಜ್ವರ ಬಂದು, ಅಂಥ ಕಾಗದ ಸಿಕ್ಕಿರೋ ತಾಯಿ ಯಾರಾದ್ರೂ ಇದನ್ನ ಓದ್ತಿದ್ರೆ, ಅವಳಿಗೆ ಹೇಳಿ. ಕೆಳಗೆ ಬಾರಮ್ಮ, ಅರ್ಜಿ ಹೇಗೆ ಬರೆಯೋದು ಅಂತ ನಾನು ತೋರಿಸಿಕೊಡ್ತೀನಿ. ನೀನು ಏನೂ ಹಚ್ಚಿಲ್ಲ, ಅದು ನಂಗೆ ಗೊತ್ತು.”